ಹಳೇ ಡೆಸ್ಕ್‌ಟಾಪ್, ಲೈವ್ ಚೆಸ್ ಮತ್ತು ನಾನು ಸುಮ್ನೆ ಬೈದ ಇಂಟರ್ನೆಟ್

ಲೈವ್ ಶುರುವಾಗಿ ಹನ್ನೊಂದು ನಿಮಿಷ ಆಗಿತ್ತು. ಪರದೆಯ ಮೇಲೆ ನನ್ನ ಮುಖ ಕಲ್ಲಿನಂತೆ ನಿಂತುಬಿಟ್ಟಿತು. ಬಾಯಿ ಅರ್ಧ ತೆರೆದಿದೆ, ಕೈ ಕುದುರೆಯ ಮೇಲಿದೆ. ನಾನು ಮಾತ್ರ ಏನೂ ಗೊತ್ತಿಲ್ಲದೆ ಆಟ ವಿವರಿಸುತ್ತಲೇ ಇದ್ದೆ. "ಸರ್, ಚಿತ್ರ ನಿಂತಿದೆ, ಮಾತು ಬರ್ತಿದೆ" ಎಂದು ಯಾರೋ ನಾಲ್ಕು ಸಲ ಬರೆದಿದ್ದರು. ನೋಡಿದ್ದು ಆಟ ಮುಗಿದ ಮೇಲೆ.

ಆ ಸಾಲಿನ ಎರಡನೇ ಅರ್ಧದಲ್ಲೇ ಉತ್ತರ ಇತ್ತು. ನನಗೆ ಅದು ಕಾಣಲು ಎರಡು ತಿಂಗಳು ಹಿಡಿಯಿತು.

ನನ್ನದು 2014ರ ಡೆಸ್ಕ್‌ಟಾಪ್. ಇಂಟೆಲ್ ಕೋರ್ ಐ5 4590, ನಾಲ್ಕು ಕೋರ್, ನಾಲ್ಕೇ ಥ್ರೆಡ್. ಎಚ್81 ಚಿಪ್‌ಸೆಟ್‌ನ ಸಣ್ಣ ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, ಒಂದು ಹಾರ್ಡ್ ಡಿಸ್ಕ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಪತ್ರ ಬರೆಯಲು, ಲೆಕ್ಕ ಇಡಲು, ಚೆಸ್ ಆಡಲು ಇಷ್ಟು ಧಾರಾಳ. ಆದರೆ ನಾನು ಅದರ ತಲೆ ಮೇಲೆ ಹೊಸ ಹೊರೆ ಇಟ್ಟಿದ್ದೆ. ಒಂದು ಕ್ಯಾಮೆರಾ ಮುಖಕ್ಕೆ, ಇನ್ನೊಂದು ಮೇಲಿನಿಂದ ಚೆಸ್ ಬೋರ್ಡಿಗೆ. ಎರಡನ್ನೂ ಒಬಿಎಸ್ ಎಂಬ ಲೈವ್ ತಂತ್ರಾಂಶದಲ್ಲಿ ಕೂಡಿಸಿ ಕಳಿಸುವುದು. ಆಮೇಲೆ ಅದೇ ಆಟಗಳನ್ನು ಕತ್ತರಿಸಿ ಹತ್ತು ನಿಮಿಷದ ಪಾಠ ಮಾಡುವುದು.

ಚಿತ್ರ ನಿಂತ ಕೂಡಲೇ ನಾನು ಬೈದದ್ದು ಇಂಟರ್ನೆಟ್ಟನ್ನು. ವೈಫೈ ಬಿಟ್ಟು ಉದ್ದದ ನೆಟ್‌ವರ್ಕ್ ಕೇಬಲ್ ಎಳೆದೆ. ಕೇಬಲ್ ಒಳ್ಳೆಯದೇ, ಈಗಲೂ ಇದೆ. ಆದರೆ ಚಿತ್ರ ಮತ್ತೆ ನಿಂತಿತು. ಆಮೇಲೆ ರ‍್ಯಾಮ್ ಸಾಲದು ಅನ್ನಿಸಿತು. ಯಾಕೆ ಅನ್ನಿಸಿತು ಅಂದರೆ ಹೇಳಲಾರೆ. ಕಂಪ್ಯೂಟರ್ ನಿಧಾನವಾದರೆ ರ‍್ಯಾಮ್ ಹಾಕಿಸು ಅನ್ನುವುದು ನೆಗಡಿಗೆ ಕಷಾಯ ಕುಡಿ ಅಂದಷ್ಟೇ ಸಲೀಸು.

ಈ ಬೋರ್ಡಿನಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್, ಒಟ್ಟು 16 ಜಿಬಿ ಗಡಿ. ಇದ್ದ 4 ಜಿಬಿಯ ಎರಡನ್ನೂ ಕಿತ್ತು 8 ಜಿಬಿಯ ಎರಡನ್ನು ಹಾಕಬೇಕು. ಡಿಡಿಆರ್3 ಹಳೆಯದಾದ್ದರಿಂದ ಬಳಸಿದ್ದನ್ನೇ ಕೊಂಡೆ. ಕೂಡಿಸಿದೆ, ಟಕ್ ಎಂದು ಕೂತಿತು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ತೆಗೆದು ಹಾಕಿ, ಒಂದೊಂದನ್ನೇ ಹಾಕಿ, ಎರೇಸರ್‌ನಿಂದ ಕಾಲು ಉಜ್ಜಿ, ಎಲ್ಲಾ ಮಾಡಿದೆ. ಕೊನೆಗೆ ಅದರ ಚೀಟಿ ಓದಿದೆ. ಪಿಸಿ3-12800 ಎಂಬುದರ ಮುಂದೆ ಒಂದೇ ಅಕ್ಷರ: ಆರ್. ಅಂದರೆ ರಿಜಿಸ್ಟರ್ಡ್, ಸರ್ವರ್‌ಗಳಿಗೆ ಮಾಡಿದ್ದು. ನಮ್ಮಂಥ ಡೆಸ್ಕ್‌ಟಾಪ್‌ಗೆ ಅಲ್ಲಿ ಯು ಇರಬೇಕು. ಎರಡಕ್ಕೂ 240 ಕಾಲು, ಗೀರು ಇರುವ ಜಾಗವೂ ಒಂದೇ. ಅದಕ್ಕೇ ಸ್ಲಾಟಿನಲ್ಲಿ ಕೂರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಅಗ್ಗಕ್ಕೆ ಯಾಕೆ ಸಿಕ್ಕಿತು ಎಂದು ಆಗ ತಿಳಿಯಿತು. ವಾಪಸ್ ಕಳಿಸಿ ಯು ಇರುವುದನ್ನು ತರಿಸಿದೆ.

16 ಜಿಬಿ ಬಂತು. ಮುಂದಿನ ಲೈವ್‌ನಲ್ಲಿ ಚಿತ್ರ ಹದಿಮೂರನೇ ನಿಮಿಷಕ್ಕೆ ನಿಂತಿತು.

ಅಷ್ಟು ಹೊತ್ತಿಗೆ ನನಗೂ ಹಟ. ಎಸ್‌ಎಸ್‌ಡಿ ಹಾಕಿದೆ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹಳೇ ಕಂಪ್ಯೂಟರ್‌ಗೆ ಎಸ್‌ಎಸ್‌ಡಿ ಹಾಕಿ ಯಾರೂ ಬೇಜಾರು ಮಾಡಿಕೊಂಡಿಲ್ಲ. ವಿಂಡೋಸ್ ತೆರೆದುಕೊಳ್ಳಲು ಮುಂಚೆ ಎದ್ದು ಹೋಗಿ ಬರುವಷ್ಟು ಹೊತ್ತು ಬೇಕಿತ್ತು, ಈಗ ಕುರ್ಚಿ ಎಳೆದುಕೊಳ್ಳುವಷ್ಟು. ಒಂದೇ ಎಚ್ಚರಿಕೆ. ಎಚ್81ರಲ್ಲಿ ಡಿಸ್ಕ್ ಚುಚ್ಚಲು ನಾಲ್ಕು ಸಾಟಾ ಕಿಂಡಿಗಳಿವೆ. ಎರಡು ಸೆಕೆಂಡಿಗೆ 6 ಗಿಗಾಬಿಟ್‌ನವು, ಎರಡು 3 ಗಿಗಾಬಿಟ್‌ನವು. ನಾನು ಕೈಗೆ ಸಿಕ್ಕಿದ್ದಕ್ಕೆ ಚುಚ್ಚಿದ್ದೆ. ಅಳೆದು ನೋಡಿದರೆ ವೇಗ ಸೆಕೆಂಡಿಗೆ 270 ಎಂಬಿ. ಪಕ್ಕದ ಕಿಂಡಿಗೆ ಬದಲಿಸಿದೆ, 530 ಆಯಿತು. ಯಾವುದು ಯಾವುದು ಅಂತ ಬೋರ್ಡಿನ ಮೇಲೇ ಸಣ್ಣದಾಗಿ ಬರೆದಿರುತ್ತದೆ.

ಲೈವ್‌ನಲ್ಲಿ ಚಿತ್ರ? ನಿಂತಿತು.

ಆಗ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಆಟ ಆಡುವುದನ್ನು ಲೈವ್ ಕಳಿಸುವ ಹುಡುಗ. ನನ್ನದು ಚೆಸ್, ಅವನದು ಗುಂಡು ಹಾರಿಸುವ ಆಟ. ಕತೆಯೆಲ್ಲಾ ಕೇಳಿ ಅವನು ಒಂದೇ ಮಾತು ಕೇಳಿದ.

"ಮಾವ, ನೆಟ್ ಕೈ ಕೊಟ್ರೆ ಮಾತೂ ನಿಲ್ಲಬೇಕಲ್ವಾ? ಬರೀ ಚಿತ್ರ ಯಾಕೆ ನಿಲ್ಲುತ್ತೆ?"

ನನ್ನ ಬಳಿ ಉತ್ತರ ಇರಲಿಲ್ಲ.

"ಒಬಿಎಸ್‌ನಲ್ಲಿ ಸ್ಟ್ಯಾಟ್ಸ್ ಅಂತ ಒಂದು ಕಿಟಕಿ ಇದೆ. ತೆಗೆದಿಟ್ಟುಕೊಂಡು ಹತ್ತು ನಿಮಿಷ ಲೈವ್ ಮಾಡಿ. ಮೂರು ಲೆಕ್ಕ ಕಾಣುತ್ತೆ, ಯಾವುದು ಏರುತ್ತೆ ಅಂತ ಹೇಳಿ."

ಆ ಮೂರು ಲೆಕ್ಕಗಳೇ ಈ ಇಡೀ ಕತೆಯ ಬೀಗದ ಕೈ. ಒಂದು, ನೆಟ್‌ವರ್ಕಿನಿಂದ ಬಿದ್ದುಹೋದ ಫ್ರೇಮುಗಳು, ಅಂದರೆ ವಿಡಿಯೋದ ಬಿಡಿ ಚಿತ್ರಗಳು. ಇದು ಏರಿದರೆ ಮಾತ್ರ ಇಂಟರ್ನೆಟ್ಟನ್ನು ಬೈಯಬೇಕು. ಎರಡು, ರೆಂಡರಿಂಗ್ ಹಿಂದೆ ಬಿದ್ದು ತಪ್ಪಿದ ಫ್ರೇಮುಗಳು. ಕ್ಯಾಮೆರಾ, ಹಿನ್ನೆಲೆ, ಅಕ್ಷರ ಎಲ್ಲವನ್ನೂ ಕೂಡಿಸಿ ಒಂದು ಚಿತ್ರ ಮಾಡುವಾಗ ಗ್ರಾಫಿಕ್ಸ್ ಚಿಪ್ ಸುಸ್ತಾದರೆ ಇದು ಏರುತ್ತದೆ. ಮೂರು, ಎನ್‌ಕೋಡಿಂಗ್ ಹಿಂದೆ ಬಿದ್ದು ಬಿಟ್ಟುಹೋದ ಫ್ರೇಮುಗಳು. ಕೂಡಿಸಿದ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವ ಕೆಲಸ ಸಮಯಕ್ಕೆ ಮುಗಿಯದಿದ್ದರೆ ಇದು.

ನನ್ನದರಲ್ಲಿ ಮೊದಲನೆಯದು ಸೊನ್ನೆ. ಎರಡನೆಯದು ಒಂದಿಷ್ಟು. ಮೂರನೆಯದು ಆಟೋ ಮೀಟರ್ ಓಡುವ ಹಾಗೆ ಓಡುತ್ತಿತ್ತು.

ಕಾರಣ ಸರಳ. ಒಬಿಎಸ್‌ನಲ್ಲಿ ಎಕ್ಸ್264 ಆಯ್ಕೆಯಾಗಿತ್ತು. ಅದು ಹಿಂಡುವ ಕೆಲಸವನ್ನೆಲ್ಲಾ ಪ್ರೊಸೆಸರ್‌ನಿಂದಲೇ ಮಾಡಿಸುತ್ತದೆ. ಸಾಲದ್ದಕ್ಕೆ ನಾನು 1080ಪಿ, ಸೆಕೆಂಡಿಗೆ 60 ಫ್ರೇಮ್ ಎಂದು ಇಟ್ಟಿದ್ದೆ. ಚೆಸ್ಸಿಗೆ! ನಾನು ಒಂದು ಕಾಯಿ ನಡೆಸಲು ನಾಲ್ಕು ನಿಮಿಷ ಯೋಚಿಸುವವನು. ಅಷ್ಟು ಹೊತ್ತೂ ಅಲುಗದ ಬೋರ್ಡನ್ನು ಸೆಕೆಂಡಿಗೆ 60 ಸಲ ಹಿಂಡಿ ಹಿಂಡಿ ಪ್ರೊಸೆಸರ್ ಬಳಲುತ್ತಿತ್ತು.

ಹುಡುಗ ಎರಡು ಬದಲಾವಣೆ ಹೇಳಿದ. 60ನ್ನು 30 ಮಾಡಿ. ಎನ್‌ಕೋಡರ್ ಜಾಗದಲ್ಲಿ ಕ್ವಿಕ್ ಸಿಂಕ್ ಆರಿಸಿ. ಕ್ವಿಕ್ ಸಿಂಕ್ ಅಂದರೆ ಇಂಟೆಲ್ ಚಿಪ್ಪಿನ ಒಳಗೇ ವಿಡಿಯೋ ಹಿಂಡಲೆಂದು ಇರುವ ಪ್ರತ್ಯೇಕ ಭಾಗ. 2011ರಿಂದಲೇ ಇದೆ. ನನ್ನ ಚಿಪ್ಪಿನಲ್ಲೂ ಇತ್ತು, ಇಷ್ಟು ವರ್ಷ ಸುಮ್ಮನೆ ಕೂತಿತ್ತು. ಬದಲಿಸಿದ ದಿನವೇ ಮೂರನೇ ಲೆಕ್ಕ ಹೆಚ್ಚು ಕಡಿಮೆ ನಿಂತೇಹೋಯಿತು. ದುಡ್ಡು ಖರ್ಚಾಗಲಿಲ್ಲ. ಚಿತ್ರ ಮಾತ್ರ ಸ್ವಲ್ಪ ಮಸುಕು. ಬೋರ್ಡಿನ ಕಪ್ಪು ಚೌಕದ ಮೇಲಿನ ಕಪ್ಪು ಕಾಯಿಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದವು.

ಲೈವ್ ಅರ್ಧ ಸರಿಹೋಯಿತು ಅನ್ನುವಾಗ ಎಡಿಟಿಂಗ್ ಕಾಟ ಶುರು. ಫೋನಿನಲ್ಲಿ ತೆಗೆದ ವಿಡಿಯೋವನ್ನು ಟೈಮ್‌ಲೈನಿಗೆ ಎಳೆದರೆ ಸಾಕು, ಎಲ್ಲವೂ ಜೇನಿನಲ್ಲಿ ಬಿದ್ದ ಇರುವೆ ಆಗುತ್ತಿತ್ತು. ಒಂದು ಸೆಕೆಂಡ್ ಹಿಂದೆ ಹೋಗಲು ಐದು ಸೆಕೆಂಡ್. ಅದೇ ಹಳೇ ಕ್ಯಾಮೆರಾದ ವಿಡಿಯೋ ಹಾಕಿದರೆ ಚೆನ್ನಾಗಿಯೇ ಓಡುತ್ತದೆ. ಎರಡೂ 1080ಪಿ. ಫೋನಿನ ಫೈಲೇ ಚಿಕ್ಕದು ಬೇರೆ. ಚಿಕ್ಕ ಫೈಲು ಯಾಕೆ ಜಾಸ್ತಿ ಭಾರ?

ಚಿಕ್ಕದಾಗಿರುವುದೇ ಕಾರಣ. ನನಗೆ ಇದು ಚೆಸ್ಸಿನಿಂದಲೇ ಅರ್ಥವಾಯಿತು. ಒಂದು ಆಟವನ್ನು ಎರಡು ರೀತಿ ದಾಖಲಿಸಬಹುದು. ಪ್ರತಿ ನಡೆಯ ನಂತರ ಬೋರ್ಡಿನ ಫೋಟೋ ತೆಗೆಯುವುದು ಒಂದು ರೀತಿ. ಬರೀ ನಡೆಗಳನ್ನು ಚೀಟಿಯಲ್ಲಿ ಬರೆಯುವುದು ಇನ್ನೊಂದು. ಚೀಟಿ ಜೇಬಿನಲ್ಲಿ ಹಿಡಿಯುತ್ತದೆ. ಆದರೆ 37ನೇ ನಡೆಯಲ್ಲಿ ಬೋರ್ಡ್ ಹೇಗಿತ್ತು ಎಂದು ನೋಡಬೇಕಾದರೆ ಮೊದಲಿನಿಂದ ಆಡಿಕೊಂಡು ಬರಬೇಕು. ವಿಡಿಯೋ ಹಿಂಡುವ ಎಚ್.264, ಎಚ್.265 ಎಂಬ ವಿಧಾನಗಳೆರಡೂ ಚೀಟಿಯ ಜಾತಿಯವು. ನಡುನಡುವೆ ಒಂದೊಂದು ಪೂರ್ತಿ ಫೋಟೋ ಇಡುತ್ತವೆ, ಅದೇ ಕೀ ಫ್ರೇಮ್. ಉಳಿದದ್ದೆಲ್ಲಾ "ಹಿಂದಿನದಕ್ಕಿಂತ ಇಷ್ಟು ಬದಲು" ಎಂಬ ಬರಹ. ಕೆಲವು ಫ್ರೇಮುಗಳು ಮುಂದಿನದನ್ನೂ ನೋಡಿ ಬರೆದಂಥವು. ಸುಮ್ಮನೆ ನೋಡುತ್ತಾ ಹೋದರೆ ತೊಂದರೆ ಇಲ್ಲ. ಎಡಿಟಿಂಗ್‌ನಲ್ಲಿ ನಾವು ಹಿಂದೆ ಮುಂದೆ ಜಿಗಿಯುತ್ತಲೇ ಇರುತ್ತೇವೆ. ಪ್ರತಿ ಜಿಗಿತಕ್ಕೂ ಕಂಪ್ಯೂಟರ್ ಹಿಂದಿನ ಕೀ ಫ್ರೇಮಿಗೆ ಓಡಿ, ಅಲ್ಲಿಂದ ಆಡಿಕೊಂಡು ಬರಬೇಕು.

ಎಚ್.265 ಇನ್ನೂ ಸಣ್ಣ ಅಕ್ಷರದಲ್ಲಿ ಬರೆದ ಚೀಟಿ. ನನ್ನ ಫೋನು ಅದನ್ನೇ ಬರೆಯುತ್ತಿತ್ತು, ಅದೂ ಬಣ್ಣವನ್ನು ಇನ್ನೂ ಸೂಕ್ಷ್ಮವಾಗಿ ಹಿಡಿಯುವ 10 ಬಿಟ್‌ನಲ್ಲಿ. ಆ ಮಾನದಂಡ ಅಂತಿಮವಾದದ್ದು 2013ರಲ್ಲಿ. ನನ್ನ ಪ್ರೊಸೆಸರಿನ ತಲೆಮಾರು ಬಂದದ್ದೂ ಅದೇ ವರ್ಷ. ಹಾಗಾಗಿ ಚಿಪ್ಪಿನೊಳಗೆ ಈ ಚೀಟಿಯನ್ನು ಓದುವ ಪ್ರತ್ಯೇಕ ಭಾಗ ಇಲ್ಲ. ಇಂಟೆಲ್‌ನಲ್ಲಿ 8 ಬಿಟ್ ಎಚ್.265 ಪೂರ್ತಿಯಾಗಿ ಬಂದದ್ದು 6ನೇ ತಲೆಮಾರಿಗೆ, 10 ಬಿಟ್ ಬಂದದ್ದು 7ನೆಯದಕ್ಕೆ. ನನ್ನದು 4ನೆಯದು. ನಾಲ್ಕು ಕೋರುಗಳೇ ಕೂತು ಓದಬೇಕಿತ್ತು.

ಇದಕ್ಕೂ ಮೊದಲ ಮದ್ದು ಪುಕ್ಕಟೆಯದೇ. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್.265 ಬಿಟ್ಟು ಎಚ್.264ಕ್ಕೆ ಬದಲಿಸಿದೆ. ಫೈಲು ದೊಡ್ಡದಾಯಿತು, ಎಡಿಟಿಂಗ್ ಹಗುರಾಯಿತು. ಎರಡನೆಯದು ಪ್ರಾಕ್ಸಿ. ಎಡಿಟರ್ ಪ್ರತಿ ವಿಡಿಯೋಗೂ ಒಂದು ಚಿಕ್ಕ ಅಳತೆಯ ನಕಲು ಮಾಡಿಟ್ಟುಕೊಳ್ಳುತ್ತದೆ. ಆ ನಕಲು ಫೋಟೋ ಜಾತಿಯದಾಗಿದ್ದರೆ, ಅಂದರೆ ಪ್ರತಿ ಫ್ರೇಮೂ ತಾನೇ ಪೂರ್ತಿಯಾಗಿದ್ದರೆ, ಜಿಗಿಯುವುದು ತುಂಬಾ ಸಲೀಸು. ಡಿಎನ್‌ಎಕ್ಸ್‌ಎಚ್‌ಆರ್, ಪ್ರೋರೆಸ್ ಇಂಥವು. ಕತ್ತರಿಸುವುದು ನಕಲಿನಲ್ಲಿ, ಕೊನೆಗೆ ಹೊರತೆಗೆಯುವುದು ಅಸಲಿನಿಂದ. ಪ್ರಾಕ್ಸಿ ತಯಾರಾಗುವಾಗ ಕಾಯಬೇಕು, ಜಾಗವೂ ತಿನ್ನುತ್ತದೆ. ನಾನು ರಾತ್ರಿ ಹಚ್ಚಿ ಮಲಗುತ್ತೇನೆ. ಎಸ್‌ಎಸ್‌ಡಿ ಸಾರ್ಥಕವಾದದ್ದು ಇಲ್ಲಿ.

ಫೋನಿನ ವಿಡಿಯೋದ ಇನ್ನೊಂದು ಕಳ್ಳತನ ಹೇಳಿಬಿಡುತ್ತೇನೆ. 40 ನಿಮಿಷದ ಆಟದಲ್ಲಿ ಮೊದಲಿಗೆ ತುಟಿಯೂ ಮಾತೂ ಸರಿಯಾಗಿ ಕೂಡಿರುತ್ತವೆ. ಕೊನೆಗೆ ಬರುವಷ್ಟರಲ್ಲಿ ಮಾತು ಒಂದು ಕಡೆ, ತುಟಿ ಒಂದು ಕಡೆ. ಮೈಕ್ ಹಾಳಾಗಿದೆ ಎಂದುಕೊಂಡಿದ್ದೆ. ನಿಜ ಏನೆಂದರೆ, ಫೋನು ಸೆಕೆಂಡಿಗೆ 30 ಅಂದರೂ ಬೆಳಕು, ಬಿಸಿ ನೋಡಿಕೊಂಡು 28, 29 ಅಂತ ಹೆಚ್ಚು ಕಡಿಮೆ ಮಾಡುತ್ತಿರುತ್ತದೆ. ಎಡಿಟರ್ ಅದನ್ನು ಸರಿಯಾದ 30 ಎಂದು ನಂಬಿದರೆ ತಾಳ ತಪ್ಪುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಹಾಕಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಮತ್ತೊಮ್ಮೆ ತೆಗೆದರೆ ಮುಗಿಯಿತು. ಮೈಕಿಗೆ ಮನಸ್ಸಲ್ಲೇ ಕ್ಷಮೆ ಕೇಳಿದೆ.

ಇಷ್ಟಾದ ಮೇಲೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಮನಸ್ಸಿಗೆ ಒಪ್ಪಿಗೆಯಾಯಿತು. ಈಗ ಯಾಕೆ ಬೇಕು ಎಂದು ಗೊತ್ತಿತ್ತು. ಲೈವ್ ಚಿತ್ರ ಇನ್ನಷ್ಟು ಸ್ಪಷ್ಟವಾಗಬೇಕು, ಹಳೇ ಎಚ್.265 ಫೈಲುಗಳನ್ನು ಯಾರಾದರೂ ಓದಿಕೊಡಬೇಕು, ಬಣ್ಣ ತಿದ್ದುವಾಗ ತಡವರಿಸಬಾರದು. ಇಂಟೆಲ್‌ನ ಆರ್ಕ್ ಎ380 ಮೇಲೆ ಕಣ್ಣಿತ್ತು, ಎವಿ1 ಎಂಬ ಹೊಸ ವಿಧಾನದಲ್ಲೂ ವಿಡಿಯೋ ಹಿಂಡುತ್ತದೆ. ಆದರೆ ಅದು ಚೆನ್ನಾಗಿ ಓಡಲು ರಿಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕು, ನನ್ನ ಬೋರ್ಡಿನಲ್ಲಿ ಅದಿಲ್ಲ. ಕೊನೆಗೆ ಬಳಸಿದ ಜಿಟಿಎಕ್ಸ್ 1650 ತಂದೆ. 4 ಜಿಬಿ ಮೆಮೊರಿ, 75 ವ್ಯಾಟ್. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನೇ ಕೊಡಬಲ್ಲದ್ದು 75 ವ್ಯಾಟ್. ಆದ್ದರಿಂದ ಬೇರೆ ತಂತಿ ಬೇಡದ ಮಾದರಿ ಆರಿಸಿಕೊಂಡೆ. ಹೆಚ್ಚುವರಿ 6 ಪಿನ್ ಕೇಳುವವೂ ಇವೆ, ಫೋಟೋ ನೋಡಿ ಕೊಳ್ಳಬೇಕು.

ಕರೆಂಟ್ ಕೊಡುವ ಡಬ್ಬಿ ಎಸ್‌ಎಂಪಿಎಸ್ ವಿಷಯದಲ್ಲಿ ಜಿಪುಣತನ ಮಾಡಲಿಲ್ಲ. ಇದ್ದದ್ದು ಹತ್ತು ವರ್ಷ ಹಳೆಯದು, ಅದರ ಫ್ಯಾನ್ ಆಗಲೇ ಗೊರಗೊರ ಅನ್ನುತ್ತಿತ್ತು. 450 ವ್ಯಾಟಿನ ಹೊಸದು ಹಾಕಿದೆ. ನನ್ನ ಕ್ಯಾಬಿನೆಟ್ ಮಾಮೂಲಿ ಟವರ್ ಆದ್ದರಿಂದ ಸರಿಯಾಗಿ ಕೂತಿತು. ಕಚೇರಿಗಳಿಂದ ಹೊರಬರುವ ಎಷ್ಟೋ ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಕರೆಂಟ್ ಕಿಂಡಿಯೇ ಬೇರೆ ಆಕಾರ. ಅಂಥದ್ದು ಇದ್ದರೆ ಮೊದಲು ಮುಚ್ಚಳ ತೆಗೆದು ಪಿನ್ ಎಣಿಸಿ.

ಕಾರ್ಡ್ ಕೂರಿಸಿದೆ. ಅದರ ಬಾಲ ಎರಡು ಸಾಟಾ ಕಿಂಡಿಗಳ ಮೇಲೆ ಕೂತುಬಿಟ್ಟಿತು, ಬಾಗಿದ ತಲೆಯ ಕೇಬಲ್ ತರಬೇಕಾಯಿತು. ಅದಿರಲಿ. ಆನ್ ಮಾಡಿದೆ. ಪರದೆ ಕಪ್ಪು. ರ‍್ಯಾಮ್ ಪ್ರಸಂಗ ನೆನಪಾಗಿ ಕೈ ತಣ್ಣಗಾಯಿತು. ಮಾನಿಟರ್ ಕೇಬಲ್ ಇನ್ನೂ ಮದರ್‌ಬೋರ್ಡಿನ ಹಿಂದೆಯೇ ಇತ್ತು. ಹೊಸ ಕಾರ್ಡ್ ಕಂಡ ಕೂಡಲೇ ಬೋರ್ಡ್ ತನ್ನ ಒಳಗಿನ ಗ್ರಾಫಿಕ್ಸನ್ನು ಮಲಗಿಸಿತ್ತು. ಸರಿ, ಕಾರ್ಡಿಗೆ ಚುಚ್ಚೋಣ ಅಂದರೆ ನನ್ನ ಮಾನಿಟರಿಗೆ ಇರುವುದು ನೀಲಿ ತಲೆಯ ವಿಜಿಎ ಒಂದೇ. ಕಾರ್ಡಿನಲ್ಲಿ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್, ಡಿವಿಐ-ಡಿ. ಡ್ರಾಯರಿನಲ್ಲಿ ಡಿವಿಐಯಿಂದ ವಿಜಿಎಗೆ ಹೋಗುವ ಪುಟ್ಟ ಅಡಾಪ್ಟರ್ ಸಿಕ್ಕಿತು. ಅದು ಒಳಗೇ ಹೋಗಲಿಲ್ಲ. ಡಿವಿಐ-ಡಿಯಲ್ಲಿ ಹಳೇ ಅನಲಾಗ್ ಪಿನ್‌ಗಳೇ ಇಲ್ಲ. ಸಂಕೇತವನ್ನೇ ಬದಲಿಸುವ ಚಿಪ್ ಇರುವ ಪರಿವರ್ತಕ ಬೇಕು. ಅದು ಬರುವವರೆಗೆ ನಾಲ್ಕು ದಿನ ಕಂಪ್ಯೂಟರ್ ಮೇಜಿನ ಮೇಲೆ ಮುಚ್ಚಳ ಬಿಚ್ಚಿಕೊಂಡು ಕೂತಿತ್ತು.

ಆ ನಾಲ್ಕು ದಿನದಲ್ಲಿ ಸುಮ್ಮನಿರಲಾರದೆ ಪ್ರೊಸೆಸರನ್ನೂ ಬದಲಿಸಿದೆ. ಅದೇ ಸಾಕೆಟ್ಟಿಗೆ ಕೂರುವ ಐ7 4790. ಕೋರ್ ನಾಲ್ಕೇ, ಥ್ರೆಡ್ ಎಂಟು. 84 ವ್ಯಾಟ್, ಹಳೆಯದರಷ್ಟೇ. ಕೂಲರ್ ಎತ್ತಿದರೆ ಕೆಳಗಿನ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರಿತು. ಕೂಲರಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ನೇಯ್ದುಕೊಂಡಿತ್ತು. ನನ್ನ ಲೈವ್ ಹನ್ನೊಂದನೇ ನಿಮಿಷಕ್ಕೇ ಯಾಕೆ ನಿಲ್ಲುತ್ತಿತ್ತು, ಮೊದಲನೇ ನಿಮಿಷಕ್ಕೆ ಯಾಕಲ್ಲ, ಎಂಬುದಕ್ಕೂ ಅಲ್ಲೇ ಉತ್ತರ ಸಿಕ್ಕಿತು ಅನ್ನಿಸುತ್ತದೆ. ಬಿಸಿ ನೂರು ಡಿಗ್ರಿ ಮುಟ್ಟಿದರೆ ಈ ಚಿಪ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಅಷ್ಟು ಕಾಯಲು ಹನ್ನೊಂದು ನಿಮಿಷ ಬೇಕಾಗುತ್ತಿತ್ತು. ಬಟ್ಟೆಯಿಂದ ಒರೆಸಿ, ಕಡಲೆಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆ. ಈಗ ಎಷ್ಟೇ ದುಡಿದರೂ 70ರ ಆಸುಪಾಸು. ಇದನ್ನೇ ಮೊದಲು ಮಾಡಬೇಕಿತ್ತು.

ಬಯೋಸ್‌ನ ಪುಟ್ಟ ಸೆಲ್ ಕೂಡ ಬದಲಿಸಿದೆ, ಸಿಆರ್2032. ಆಮೇಲೆ ಬ್ರೌಸರಿನಲ್ಲಿ ಒಂದು ಪುಟವೂ ತೆರೆಯದು, ಎಲ್ಲ ಕಡೆ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಮತ್ತೆ ಇಂಟರ್ನೆಟ್ಟನ್ನು ಬೈಯಲು ಬಾಯಿ ತೆರೆದವನು ಕೆಳಗಿನ ಗಡಿಯಾರ ನೋಡಿ ಮುಚ್ಚಿಕೊಂಡೆ. ಸೆಲ್ ತೆಗೆದಾಗ ತಾರೀಕು 2014ಕ್ಕೆ ಹೋಗಿತ್ತು.

ಪರಿವರ್ತಕ ಬಂದ ಮೇಲೆ ಒಬಿಎಸ್‌ನಲ್ಲಿ ಕಾರ್ಡಿನದೇ ಎನ್‌ಕೋಡರ್ ಆದ ಎನ್‌ವೆಂಕ್ ಆರಿಸಿದೆ. ಹಿಂಡುವ ಕೆಲಸ ಪೂರ್ತಿ ಕಾರ್ಡಿನ ಪಾಲಿಗೆ ಹೋಯಿತು. ಕಪ್ಪು ಕಾಯಿಗಳು ಬೇರೆ ಬೇರೆಯಾಗಿ ಕಂಡವು. ಬಿಟ್‌ರೇಟ್ ಸೆಕೆಂಡಿಗೆ 4500 ಕಿಲೋಬಿಟ್ ಇಟ್ಟಿದ್ದೇನೆ, ಕೀ ಫ್ರೇಮ್ ಎರಡು ಸೆಕೆಂಡಿಗೊಂದು. ನನ್ನ ಅಪ್‌ಲೋಡ್ ವೇಗ ಅದರ ಎರಡರಷ್ಟಿದೆ. ತುದಿಯವರೆಗೆ ತುಂಬಿದ ಕೊಡ ನಡೆದರೆ ಚೆಲ್ಲುತ್ತದೆ, ಹಾಗಾಗಿ ಅರ್ಧ ಖಾಲಿ ಬಿಟ್ಟಿದ್ದೇನೆ. ರೆಕಾರ್ಡಿಂಗ್ ಎಂಪಿ4 ಅಲ್ಲ, ಎಂಕೆವಿ. ನಡುವೆ ಕರೆಂಟ್ ಹೋದರೆ ಎಂಪಿ4 ಪೂರ್ತಿ ಹಾಳಾಗಬಹುದು, ಎಂಕೆವಿಯಲ್ಲಿ ಅಲ್ಲಿಯವರೆಗಿನದ್ದು ಉಳಿಯುತ್ತದೆ. ಎಡಿಟಿಂಗಿಗೆ ಬೇಕಾದಾಗ ಒಬಿಎಸ್ ಒಳಗೇ ರೀಮಕ್ಸ್ ಮಾಡಿ ಎಂಪಿ4 ಆಗಿಸಿಕೊಳ್ಳುತ್ತೇನೆ, ಕ್ಷಣದ ಕೆಲಸ.

ಕೊನೆಯ ತಲೆನೋವು ಎರಡನೇ ಕ್ಯಾಮೆರಾ. ಒಂದೇ ಯುಎಸ್‌ಬಿ ಹಬ್‌ಗೆ ಎರಡೂ ಚುಚ್ಚಿದ್ದೆ. ಒಂದು ತೆರೆದರೆ ಇನ್ನೊಂದು ಕಪ್ಪು. ಲೆಕ್ಕ ಹಾಕಿ ನೋಡಿ. 1080ಪಿ ಚಿತ್ರವನ್ನು ಹಿಂಡದೆ ಸೆಕೆಂಡಿಗೆ 30 ಫ್ರೇಮ್ ಕಳಿಸಿದರೆ ಸುಮಾರು 1000 ಮೆಗಾಬಿಟ್. ಯುಎಸ್‌ಬಿ 2.0 ಹೊರುವುದೇ 480. ಅದಕ್ಕೇ ವೆಬ್‌ಕ್ಯಾಮ್‌ಗಳು ಪ್ರತಿ ಫ್ರೇಮನ್ನೂ ಹಿಂಡಿ, ಎಂಜೆಪೆಗ್ ಮಾಡಿ ಕಳಿಸುತ್ತವೆ. ಹಾಗಿದ್ದರೂ ಪ್ರತಿಯೊಂದು ತನಗೆಂದು ಜಾಗ ಕಾದಿರಿಸಿಕೊಳ್ಳುತ್ತದೆ. ಒಂದೇ ಹಬ್‌ನಲ್ಲಿ ಎರಡಕ್ಕೆ ಜಾಗ ಸಾಲಲಿಲ್ಲ. ಒಂದನ್ನು ಮುಂದಿನ ಕಿಂಡಿಗೆ, ಇನ್ನೊಂದನ್ನು ನೇರ ಹಿಂದಿನ ಕಿಂಡಿಗೆ ಹಾಕಿದೆ. ಬಗೆಹರಿಯಿತು.

ಈ ಡಬ್ಬಕ್ಕೆ ಇನ್ನು ಖರ್ಚು ಮಾಡುವುದಿಲ್ಲ. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರು, ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ ಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದೆ ಲಿನಕ್ಸ್ ಹಾಕೋಣ ಎನ್ನುತ್ತಾನೆ ಹುಡುಗ. ಕಾರ್ಡ್, ಎಸ್‌ಎಂಪಿಎಸ್, ಎಸ್‌ಎಸ್‌ಡಿ ಮೂರನ್ನೂ ಮುಂದಿನ ಕಂಪ್ಯೂಟರಿಗೆ ಕೊಂಡೊಯ್ಯಬಹುದು. ಆ ಡಿಡಿಆರ್3 ರ‍್ಯಾಮ್ ಮಾತ್ರ ಇದರ ಜೊತೆಗೇ ಹೋಗುತ್ತದೆ.

ಎಲ್ಲಾ ಕೂಡಿಸಿದ ಮೇಲಿನ ಮೊದಲ ಲೈವ್ ಎರಡು ಗಂಟೆ ನಡೆಯಿತು. ಸ್ಟ್ಯಾಟ್ಸ್ ಕಿಟಕಿಯನ್ನು ಬೋರ್ಡಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಹನ್ನೊಂದನೇ ನಿಮಿಷ ದಾಟಿತು. ಮೂರೂ ಸೊನ್ನೆ. ಅರ್ಧ ಗಂಟೆ, ಮೂರೂ ಸೊನ್ನೆ. ಅದನ್ನೇ ನೋಡುತ್ತಾ ಕೂತು 22ನೇ ನಡೆಯಲ್ಲಿ ಆನೆಯನ್ನು ಬಿಟ್ಟಿಯಾಗಿ ಕೊಟ್ಟೆ. ಚಿತ್ರ ಅಷ್ಟು ಸ್ಪಷ್ಟವಾಗಿತ್ತು, ನನಗಿಂತ ಮೊದಲು ನೋಡುಗರಿಗೇ ಕಂಡಿತು.